ಹಂಡೆಯ ನೀರು ಬೇಗ ಕಾಯಬೇಕಾದರೆ

ಹೊಸ ಅಗ್ರಹಾರದಂತಹ ಊರಿನಲ್ಲಿ ಬೆಳಗಿನ ಮೊದಲ ಬೆಂಕಿ ಅಡುಗೆಗಲ್ಲ, ಸ್ನಾನದ ನೀರಿಗೆ. ಕೃಷ್ಣರಾಜನಗರದ ಕಡೆಯ ಈ ಊರಿನಲ್ಲಾಗಲಿ, ಆಚೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಾಗಲಿ, ಅಡುಗೆಗೆ ಗ್ಯಾಸು ಬಂದ ಮೇಲೂ ಬಚ್ಚಲಿನ ಹಂಡೆಯ ಕೆಳಗೆ ಸೌದೆ ಉರಿಯುವ ಮನೆಗಳು ಇವೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂತು ನಿಜ. ಆದರೆ ಐದು ಜನರ ಸ್ನಾನದ ನೀರನ್ನು ಸಿಲಿಂಡರಿನಲ್ಲಿ ಕಾಯಿಸಲು ಯಾವ ಗೃಹಿಣಿಗೂ ಮನಸ್ಸು ಬಾರದು. ತೆಂಗಿನ ಮಟ್ಟೆ, ಗರಿ, ಚಿಪ್ಪು, ಹೊಲದ ಬದುವಿನ ಕಡ್ಡಿ ಇವೆಲ್ಲ ಹಿತ್ತಲಲ್ಲೇ ಇರುವಾಗ ಅದು ಸಹಜವೂ ಹೌದು.

ಆ ಒಲೆಯ ಮುಂದೆ ಕೂರುವವರು ಯಾರು ಎಂಬುದನ್ನು ಸ್ವಲ್ಪ ಯೋಚಿಸಿ. ಅಮ್ಮ, ಇಲ್ಲವೇ ಅಕ್ಕ. ಬೆಳಗಿನ ಮೊದಲ ಬಸ್ಸು ಹಿಡಿದು ಕಾಲೇಜಿಗೆ ಹೋಗಬೇಕಾದ ಹುಡುಗಿಯೇ ಎಷ್ಟೋ ಮನೆಗಳಲ್ಲಿ ಊದುಗೊಳವೆ ಹಿಡಿದು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ನೀರು ಕಾಯಲು ಒಂದೂಕಾಲು ಗಂಟೆ ಬೇಕಾದರೆ, ಅವಳ ಓದಿನಿಂದ ಅಥವಾ ನಿದ್ದೆಯಿಂದ ಅಷ್ಟು ಸಮಯ ಹೋಯಿತೆಂದೇ ಅರ್ಥ. ಇದನ್ನು ಅರ್ಧಕ್ಕೆ ಇಳಿಸಬಹುದೇ? ಅದೂ ಹೆಚ್ಚು ಸೌದೆ ಉರಿಸದೆ? ಇಳಿಸಬಹುದು. ಹೇಗೆಂದು ತಿಳಿಯಲು ಪ್ರೌಢಶಾಲೆಯಲ್ಲಿ ನೀವು ಕಲಿತ ಶಾಖದ ಪಾಠವೇ ಸಾಕು. ತೆರೆಯ ಮೇಲೆ ಮಾತಿನಲ್ಲಿ ಹೇಳುವಾಗ ಲೆಕ್ಕಗಳು ಕಿವಿಯಿಂದ ಜಾರಿಹೋಗುತ್ತವೆ. ಆದ್ದರಿಂದ ಈ ಪುಟಗಳನ್ನು ಕಾಗದ, ಪೆನ್ಸಿಲು ಹಿಡಿದು ಓದಿ.

ನೀರಿಗೆ ಬೇಕಾದದ್ದು ಎಷ್ಟು?

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಐದು ಜನರಿಗೆ ತಲಾ 20 ಲೀಟರಿನಂತೆ 100 ಲೀಟರು ಹದವಾದ ನೀರು ಬೇಕೆನ್ನೋಣ. ಚಳಿಗಾಲದ ಬೆಳಿಗ್ಗೆ ತೊಟ್ಟಿಯ ನೀರು 20 ಡಿಗ್ರಿ ಇದೆ, ಮೈಗೆ ಹಿತವಾಗಲು 40 ಡಿಗ್ರಿ ಸಾಕು. 100 ಲೀಟರನ್ನು 20 ಡಿಗ್ರಿ ಏರಿಸಲು 2000 ಕಿಲೋಕ್ಯಾಲೊರಿ ಬೇಕು. ಅಷ್ಟನ್ನೂ ಹಂಡೆಯಲ್ಲಿ ಕಾಯಿಸುವ ಬದಲು 40 ಲೀಟರನ್ನು 70 ಡಿಗ್ರಿಗೆ ಕಾಯಿಸಿ, 60 ಲೀಟರು ತಣ್ಣೀರು ಬೆರೆಸಿದರೂ ಅದೇ 2000 ಕಿಲೋಕ್ಯಾಲೊರಿ, ಗುಣಿಸಿ ನೋಡಿ. ನಮ್ಮ ಹಿರಿಯರ ಬೆರಕೆ ನೀರಿನ ಪದ್ಧತಿ ಇದೇ.

ಆದರೆ ಹಂಡೆಯನ್ನು ಕತ್ತಿನವರೆಗೆ ತುಂಬಿಸುವ ಅಭ್ಯಾಸವಿದೆಯಲ್ಲ, ಅಲ್ಲೇ ಮೊದಲ ನಷ್ಟ. 40ರ ಬದಲು 60 ಲೀಟರು ತುಂಬಿಸಿದರೆ 70 ಡಿಗ್ರಿಗೆ ಬರಲು 3000 ಕಿಲೋಕ್ಯಾಲೊರಿ ಬೇಕು. ಉಳಿದ 20 ಲೀಟರು ಸಂಜೆಗೆ ತಣ್ಣಗಾಗಿ ಕೂತಿರುತ್ತದೆ. ಹಾಗೆಂದು ತೀರಾ ಕಡಿಮೆಯೂ ತುಂಬಿಸಬಾರದು. ಬೆಂಕಿ ತಗಲುವ ಮಟ್ಟಕ್ಕಿಂತ ನೀರು ಕೆಳಗಿಳಿದರೆ ತಾಮ್ರದ ಹಂಡೆಯ ಬೆಸುಗೆ ಬಿಡುತ್ತದೆ.

ಈಗ ಸೌದೆಯ ಕಡೆ ನೋಡೋಣ. ಚೆನ್ನಾಗಿ ಒಣಗಿದ ಸೌದೆ ಕಿಲೋ ಒಂದಕ್ಕೆ ಸುಮಾರು 3500 ಕಿಲೋಕ್ಯಾಲೊರಿ ಕೊಡುತ್ತದೆ. ಅಂದರೆ ಲೆಕ್ಕದ ಪ್ರಕಾರ 600 ಗ್ರಾಂ ಸೌದೆಯಲ್ಲಿ ಇಡೀ ಮನೆಯವರ ಸ್ನಾನ ಮುಗಿಯಬೇಕು! ನಿಮ್ಮ ಮನೆಯಲ್ಲಿ ನಾಲ್ಕೈದು ಕಿಲೋ ಉರಿಯುತ್ತಿದ್ದರೆ ಆಶ್ಚರ್ಯವಿಲ್ಲ. ಹಳೆಯ ಮಾದರಿಯ ಒಲೆಯಲ್ಲಿ ನೂರು ಪಾಲು ಶಾಖದಲ್ಲಿ ಹತ್ತರಿಂದ ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಇದೇ ಒಲೆಯ ದಕ್ಷತೆ.

ದಕ್ಷತೆ ಎಂದೊಡನೆ ನಾವು ಸೌದೆಯ ಉಳಿತಾಯವನ್ನಷ್ಟೇ ನೆನೆಯುತ್ತೇವೆ. ಸಮಯವೂ ಅದರಲ್ಲೇ ಅಡಗಿದೆ. ಗಂಟೆಗೆ ಮೂರು ಕಿಲೋ ಸೌದೆ ಉರಿಯುವ ಒಲೆ 10,500 ಕಿಲೋಕ್ಯಾಲೊರಿ ಹೊರಡಿಸುತ್ತದೆ. ಅದರಲ್ಲಿ ಶೇಕಡಾ 15 ನೀರಿಗೆ ಸೇರಿದರೆ ನಮ್ಮ 2000 ಕಿಲೋಕ್ಯಾಲೊರಿಗೆ 76 ನಿಮಿಷ ಬೇಕು. ಶೇಕಡಾ 30 ಸೇರಿದರೆ 38 ನಿಮಿಷ. ಬೆಂಕಿ ಅದೇ, ಹಂಡೆ ಅದೇ. ನೀರು ತಡವಾದಾಗ ಇನ್ನೆರಡು ಕೊರಡು ತುರುಕುವುದು ನಮ್ಮೆಲ್ಲರ ಅಭ್ಯಾಸ. ಆದರೆ ಕೇಳಬೇಕಾದ ಪ್ರಶ್ನೆ, ಉರಿದದ್ದು ಎಲ್ಲಿಗೆ ಹೋಯಿತು ಎಂಬುದು.

ಮಣ್ಣು ಕುಡಿಯುವ ಶಾಖ

ಬಹಳ ಜನ ಗಮನಿಸದ ಒಂದು ಪಾಲುದಾರನಿದ್ದಾನೆ. ಅದು ಒಲೆಯೇ. ಹಂಡೆಯ ಸುತ್ತ ಕಟ್ಟಿದ ಮಣ್ಣು, ಇಟ್ಟಿಗೆ ಎಲ್ಲ ಸೇರಿ 200 ಕಿಲೋ ಇದೆಯೆನ್ನಿ. ಮಣ್ಣಿನ ವಿಶಿಷ್ಟ ಶಾಖ ಸುಮಾರು 0.2, ನೀರಿನ ಐದನೆಯ ಒಂದು ಪಾಲು. ಈ ರಾಶಿ ಸರಾಸರಿ 50 ಡಿಗ್ರಿ ಬಿಸಿಯಾದರೆ 200 × 0.2 × 50, ಅಂದರೆ 2000 ಕಿಲೋಕ್ಯಾಲೊರಿ ಕುಡಿಯುತ್ತದೆ. ನೀರು ಕುಡಿದಷ್ಟೇ! ಹತ್ತು ಕಿಲೋ ತೂಕದ ತಾಮ್ರದ ಹಂಡೆ ಅದೇ 50 ಡಿಗ್ರಿಗೆ ಕುಡಿಯುವುದು ಸುಮಾರು 45 ಕಿಲೋಕ್ಯಾಲೊರಿ ಮಾತ್ರ. ಬೆಳಿಗ್ಗೆ ಬೆಂಕಿ ಹೊತ್ತಿಸಿದ ಮೊದಲ ಅರ್ಧ ಗಂಟೆ ನೀರು ಬೆಚ್ಚಗೂ ಆಗದೆ ಸತಾಯಿಸುವುದಕ್ಕೆ ಮುಖ್ಯ ಕಾರಣ ಈ ತಣ್ಣನೆಯ ಮಣ್ಣು.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಬೆಂಕಿಗೆ ಎದುರಾಗುವ ಒಳಗೋಡೆಯನ್ನು ಹಗುರ ಮಾಡುವುದು. ಜೇಡಿಮಣ್ಣಿಗೆ ಭತ್ತದ ಹೊಟ್ಟನ್ನು ಧಾರಾಳವಾಗಿ ಕಲಸಿ ಒಳಮೈಗೆ ಎರಡು ಮೂರು ಬೆರಳು ದಪ್ಪ ಮೆತ್ತಬೇಕು. ಒಲೆ ಉರಿದಂತೆ ಹೊಟ್ಟು ಸುಟ್ಟು, ಮಣ್ಣಿನಲ್ಲಿ ಸಣ್ಣ ಸಣ್ಣ ಗಾಳಿಗೂಡುಗಳು ಉಳಿಯುತ್ತವೆ. ನಿಂತ ಗಾಳಿ ಶಾಖದ ಅವಾಹಕ. ಆ ಪದರದ ಹಿಂದೆ ಜರಡಿ ಹಿಡಿದ ಬೂದಿ ತುಂಬಿದರೆ ಇನ್ನೂ ಒಳ್ಳೆಯದು. ಭತ್ತದ ಕಣಜವೆಂದು ಹೆಸರಾದ ಕೃಷ್ಣರಾಜನಗರದ ಸೀಮೆಯಲ್ಲಿ ಹೊಟ್ಟಿಗೇನು ಬರ? ಅಕ್ಕಿ ಗಿರಣಿಯಲ್ಲಿ ಕೇಳಿ ತಂದರಾಯಿತು.

ಎರಡನೆಯ ದಾರಿ, ಮಣ್ಣನ್ನು ಒಂದೇ ಸಲ ಕಾಯಿಸುವುದು. ಅಡುಗೆಗೊಂದು, ಬಚ್ಚಲಿಗೊಂದು ಒಲೆ ಇದ್ದರೆ ಎರಡು ರಾಶಿ ಮಣ್ಣಿಗೂ ಕಂದಾಯ ಕಟ್ಟಿದಂತೆ. ಒಂದೇ ಬೆಂಕಿಯಲ್ಲಿ ಅಡುಗೆಯೂ ಆಗಿ ಉಳಿದ ಬಿಸಿಗೆ ಹಂಡೆಯೂ ಕಾಯುವ ಜೋಡಿ ಒಲೆಯ ಲಾಭ ಇಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಲು ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಗೆ ಸಾಲಾಗಿ ಮೂರು ಪಾತ್ರೆಗಳ ಬಾಯಿ, ಕೆಳಗೆ ಕಬ್ಬಿಣದ ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ. ಬೆಂಕಿ ಒಂದೇ, ಅದರ ಬಿಸಿ ಒಂದಾದ ಮೇಲೊಂದು ಮೂರು ಪಾತ್ರೆಗಳನ್ನೂ ತಟ್ಟಿ ಹೊರಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಅದು ಶೇಕಡಾ 30ಕ್ಕೂ ಮೀರಿದ ದಕ್ಷತೆ ತೋರಿಸಿತು. ನಾಡಿನಾದ್ಯಂತ ಅದನ್ನು ಸಾವಿರಾರು ಮನೆಗಳಲ್ಲಿ ಕಟ್ಟಿಕೊಟ್ಟರು. ಬಿರುಕು ಬಿಟ್ಟಾಗ ಮೆತ್ತುವವರಿಲ್ಲದೆ, ಕೊಳವೆಯ ಮಸಿ ತೆಗೆಯುವವರಿಲ್ಲದೆ ಎಷ್ಟೋ ಒಲೆಗಳು ಮೂಲೆಗುಂಪಾದವು ಎಂಬುದನ್ನೂ ಹೇಳಬೇಕು. ಅದು ತತ್ವದ ಸೋಲಲ್ಲ, ಪಾಲನೆಯ ಸೋಲು.

ಜೋಡಿ ಒಲೆಗೂ ಒಂದು ಕುಂದಿದೆ. ನೀರಿನ ಪಾತ್ರೆ ಕೊನೆಯಲ್ಲಿರುವುದರಿಂದ ಅದಕ್ಕೆ ಸಿಗುವುದು ಮುಂದಿನವರು ಬಿಟ್ಟ ಎಂಜಲು ಶಾಖ. ಬೆಳಗಿನ ಆತುರಕ್ಕೆ ಅದು ನಿಧಾನ. ಇದಕ್ಕೆ ಉಪಾಯ ಸುಲಭ: ರಾತ್ರಿಯ ಅಡುಗೆಯ ವೇಳೆಗೇ ಹಂಡೆ ತುಂಬಿಸಿ ಮುಚ್ಚಿಡಿ. ರಾತ್ರಿಯ ಎಂಜಲು ಶಾಖ ನೀರಿಗೂ ಮಣ್ಣಿಗೂ ಸೇರುತ್ತದೆ. ಬೆಳಿಗ್ಗೆ 20ರ ಬದಲು 35 ಡಿಗ್ರಿಯ ನೀರಿನಿಂದ ಆರಂಭಿಸಿದರೆ ಏರಿಸಬೇಕಾದದ್ದು 50 ಡಿಗ್ರಿಯಲ್ಲ, 35 ಮಾತ್ರ. ನೂರಕ್ಕೆ ಮೂವತ್ತು ಪಾಲು ಸಮಯ ಇಲ್ಲೇ ಉಳಿಯಿತು.

ಬೆಂಕಿ ಹಂಡೆಯನ್ನು ತಬ್ಬಬೇಕು

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಬ್ಯಾರನ್ ಗೊತ್ತು. ಅಲ್ಲಿ ಕುಲುಮೆಯ ಬಿಸಿ ಹೊಗೆ ನೇರವಾಗಿ ಆಕಾಶಕ್ಕೆ ಹೋಗುವುದಿಲ್ಲ. ತಗಡಿನ ಕೊಳವೆಗಳಲ್ಲಿ ಕೋಣೆಯ ತಳವನ್ನೆಲ್ಲ ಸುತ್ತಿ, ಶಾಖವನ್ನು ಒಳಗೇ ಬಿಟ್ಟು, ಆಮೇಲೆ ಚಿಮಣಿ ಸೇರುತ್ತದೆ. ಸೊಪ್ಪು ಹದವಾಗಲು ಅಲ್ಲಿ ಉಷ್ಣತೆಯನ್ನು ದಿನಗಟ್ಟಲೆ ಮೆಲ್ಲಗೆ ಏರಿಸುತ್ತಾರೆ. ನಮಗೆ ಬೇಕಾದದ್ದು ಅವಸರ. ಆದರೂ ಪಾಠ ಒಂದೇ: ಹೊಗೆ ಹೊರಹೋಗುವ ಮೊದಲು ಕೆಲಸ ಮಾಡಲಿ.

ನಮ್ಮ ಬಚ್ಚಲಿನ ಒಲೆಗಳಲ್ಲಿ ಹಂಡೆಯ ಹೊಟ್ಟೆಯ ಸುತ್ತ ಮಣ್ಣು ಒತ್ತಿ ಮೆತ್ತಿರುತ್ತಾರೆ. ಬೆಂಕಿ ತಳವನ್ನು ಮಾತ್ರ ಮುಟ್ಟಿ ಹಿಂದಿನ ತೂತಿನಿಂದ ಓಡಿಹೋಗುತ್ತದೆ. ಅದರ ಬದಲು ಹಂಡೆಯ ಸುತ್ತ ಒಂದು ಬೆರಳಿನ ಅಗಲ ಸಂದು ಬಿಟ್ಟು, ಮೇಲ್ಗಡೆ ಅಂಚನ್ನು ಮುಚ್ಚಿ, ಹೊಗೆ ಕೊಳವೆಯ ಬಾಯಿಯನ್ನು ಆ ಸಂದಿನ ಮೇಲುಭಾಗದಲ್ಲಿ ಕೊಟ್ಟರೆ ಬಿಸಿ ಅನಿಲ ಹಂಡೆಯ ಪಕ್ಕೆಗಳನ್ನೂ ತಟ್ಟಿಕೊಂಡೇ ಹೋಗಬೇಕು. ಸಂದು ಅಗಲವಾದರೆ ಅನಿಲ ಗೋಡೆಯ ಕಡೆಯಿಂದ ಜಾರಿಹೋಗುತ್ತದೆ. ತೀರಾ ಕಿರಿದಾದರೆ ಒಲೆಯ ಬಾಯಿಂದ ಹೊಗೆ ವಾಪಸು ಬರುತ್ತದೆ. ಜಾಲರಿಯಿಂದ ಹಂಡೆಯ ತಳಕ್ಕೆ ಮುಕ್ಕಾಲು ಗೇಣು ಎತ್ತರ ಸಾಕು.

ತಾಮ್ರದ ಹಂಡೆಯಲ್ಲಿ ನೀರು ಬೇಗ ಕಾಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಉತ್ತಮ ವಾಹಕ ಎಂಬುದು ಸರಿ. ಆದರೆ ಲೋಹದ ಎರಡು ಮಿಲಿಮೀಟರು ಗೋಡೆಯನ್ನು ದಾಟುವುದು ಶಾಖಕ್ಕೆ ಕಷ್ಟವೇ ಅಲ್ಲ. ಬಿಸಿ ಅನಿಲದಿಂದ ಲೋಹಕ್ಕೆ ದಾಟುವುದೇ ಕಷ್ಟ. ಹಂಡೆಯ ಹೊರಮೈಗೆ ಅಂಟಿಕೊಂಡ, ಅಲುಗಾಡದ ತೆಳು ಅನಿಲ ಪದರವೇ ಅಲ್ಲಿನ ಸುಂಕದ ಕಟ್ಟೆ. ಆದ್ದರಿಂದ ಬೇಗ ಕಾಯಲೆಂದು ಹೊಸದಾಗಿ ತಾಮ್ರದ ಹಂಡೆ ಕೊಳ್ಳಬೇಕಾಗಿಲ್ಲ. ಇದ್ದರೆ ಸಂತೋಷ, ಅಂದಕ್ಕೂ ಬಾಳಿಕೆಗೂ ಅದಕ್ಕೆ ಸಾಟಿಯಿಲ್ಲ.

ಮಸಿಯ ಮಾತು ಬೇರೆ. ತೆಳುವಾದ ಕಪ್ಪು ಕೆಡುಕಲ್ಲ. ಕಪ್ಪು ಮೈ ಕೆಂಡದ ವಿಕಿರಣವನ್ನು ಚೆನ್ನಾಗಿಯೇ ಹೀರುತ್ತದೆ. ಆದರೆ ಮಸಿ ಒಂದೆರಡು ಮಿಲಿಮೀಟರು ಗಟ್ಟಿಯಾಗಿ ಕಟ್ಟಿದರೆ ಆ ಅನಿಲ ಪದರದಷ್ಟೇ ದೊಡ್ಡ ಅಡ್ಡಿಯಾಗುತ್ತದೆ. ದೀಪಾವಳಿಗೆ ಮುನ್ನ ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಬೆಳಗಿ, ಹೂ ಮುಡಿಸಿ ನೀರು ತುಂಬಿಸುತ್ತಾರಲ್ಲ, ಅಂದು ಹೊರಮೈ ಫಳಫಳ ಹೊಳೆಯುತ್ತದೆ. ತಳವನ್ನು ನೋಡುವವರು ಕಡಿಮೆ! ಕೂರಿಸಿದ ಹಂಡೆಯಾದರೆ ಎತ್ತಿ ತಳ ಕೆರೆಯಿರಿ. ಹೂತು ಕಟ್ಟಿದ್ದಾದರೆ ಒಲೆ ಆರಿದ ಮೇಲೆ ಕೋಲಿಗೆ ಗೋಣಿತಟ್ಟು ಸುತ್ತಿ ಒಲೆಯ ಬಾಯಿಂದಲೇ ಒರೆಸಿ. ವರ್ಷಕ್ಕೊಮ್ಮೆ ಸಾಲದು, ತಿಂಗಳಿಗೊಮ್ಮೆ ಆಗಬೇಕು. ಒಳಗೆ ಕಟ್ಟುವ ಬೋರ್‌ವೆಲ್ ನೀರಿನ ಸುಣ್ಣದ ಪೊರೆ ಇದಕ್ಕೆ ಹೋಲಿಸಿದರೆ ಸಣ್ಣ ತೊಂದರೆ.

ಹಸಿ ಸೌದೆ, ತೆರೆದ ಬಾಯಿ

ಗಟ್ಟಿ ಮಸಿ ಕಟ್ಟುವುದೇ ಹಸಿ ಸೌದೆಯಿಂದ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಒಂದು ಪಾಲು ಖರ್ಚು. ಒಟ್ಟಿನಲ್ಲಿ ಒಂದು ಕಿಲೋ ಹಸಿ ಸೌದೆಯಿಂದ ಸಿಗುವುದು ಒಣಗಿದ್ದರ ಅರ್ಧದಷ್ಟು ಶಾಖ, ಜೊತೆಗೆ ಕಣ್ಣೀರು ಉಚಿತ. ಬೇಸಿಗೆಯಲ್ಲಿ ಸೀಳಿ, ಸೂರಿನ ಕೆಳಗೆ ಗಾಳಿಯಾಡುವಂತೆ ಒಟ್ಟಿದ ಸೌದೆ ಮಳೆಗಾಲದಲ್ಲಿ ಚಿನ್ನ. ಎರಡು ಬೆರಳು ದಪ್ಪದ ಸೀಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಮುಂದೂಡಿ. ದಪ್ಪ ಕೊರಡು ಹೊತ್ತಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

ಗಾಳಿ ಕೆಳಗಿನಿಂದ ಬರಲಿ. ಬೂದಿಯ ಮೇಲೆ ಸೌದೆ ಇಟ್ಟರೆ ಬೆಂಕಿ ಉಸಿರುಗಟ್ಟುತ್ತದೆ. ಕಬ್ಬಿಣದ ಸರಳುಗಳ ಜಾಲರಿ ಹಾಕಿ ಕೆಳಗಿನ ಬೂದಿಯನ್ನು ದಿನವೂ ಎಳೆದುಬಿಟ್ಟರೆ ಊದುಗೊಳವೆಯ ಕೆಲಸ ತಾನೇ ಕಡಿಮೆಯಾಗುತ್ತದೆ. ಅದೇ ವೇಳೆ ಒಲೆಯ ಬಾಯಿ ಹಂಡೆಯಷ್ಟು ಅಗಲವಾಗಿದ್ದರೆ ಬೇಡದ ತಣ್ಣನೆಯ ಗಾಳಿ ನುಗ್ಗಿ, ಬಿಸಿಯಾಗಿ, ಕೊಳವೆಯಿಂದ ಹೊರಟುಹೋಗುತ್ತದೆ. ಸೌದೆಗೆ ಬೇಕಾದಷ್ಟೇ ಬಾಯಿ ಬಿಟ್ಟು ಉಳಿದದ್ದಕ್ಕೆ ಒಂದು ತಗಡು ನಿಲ್ಲಿಸಿ.

ಇನ್ನು ಮುಚ್ಚಳ. ಇದನ್ನು ಕೊನೆಗೆ ಹೇಳಿದರೂ ಖರ್ಚಿಲ್ಲದ ಉಪಾಯಗಳಲ್ಲಿ ಇದೇ ಮೊದಲನೆಯದು. ಬಿಸಿನೀರಿನ ಮೇಲಿನಿಂದ ಒಂದು ಲೀಟರು ಆವಿಯಾಗಿ ಹೋದರೆ ಅದರ ಜೊತೆ ಸುಮಾರು 550 ಕಿಲೋಕ್ಯಾಲೊರಿ ಗುಪ್ತೋಷ್ಣ ಹೋಯಿತು. ಅಷ್ಟರಲ್ಲಿ 11 ಲೀಟರು ನೀರನ್ನು 20ರಿಂದ 70 ಡಿಗ್ರಿಗೆ ಏರಿಸಬಹುದಿತ್ತು. ಹಂಡೆಯ ಬಾಯಿಗೆ ಸರಿಹೊಂದುವ ಮರದ ಹಲಗೆ, ಅದರ ಮೇಲೊಂದು ಮಡಿಸಿದ ಗೋಣಿಚೀಲ, ಇಷ್ಟು ಸಾಕು.

ಬಿಸಿಲು ಮತ್ತು ಬೆಂಕಿ

ಮಾಳಿಗೆಯ ಮೇಲೆ ಸೌರ ಹೀಟರು ಇರುವ ಮನೆಗಳು ಈಗ ಹಳ್ಳಿಗಳಲ್ಲೂ ಕಾಣುತ್ತವೆ. ಆಷಾಢದ ಮೋಡದಲ್ಲಿ ಅದರ ನೀರು ಉಗುರುಬೆಚ್ಚಗೆ ನಿಲ್ಲುತ್ತದೆ. ಆಗ ಹೀಟರನ್ನು ಮರೆತು ತೊಟ್ಟಿಯ ತಣ್ಣೀರನ್ನು ಹಂಡೆಗೆ ಸುರಿಯುವುದು ಸಾಮಾನ್ಯ. ಅದರ ಬದಲು ಆ ಉಗುರುಬೆಚ್ಚಗಿನ ನೀರನ್ನೇ ಹಂಡೆಗೆ ತುಂಬಿಸಿ. ಬಿಸಿಲು ಅರ್ಧ ದಾರಿ ನಡೆಸಿದ ನೀರನ್ನು ಬೆಂಕಿ ಉಳಿದರ್ಧ ನಡೆಸುತ್ತದೆ. ಹೀಟರು ಇಲ್ಲದವರು ಕಪ್ಪು ಬಳಿದ ಡ್ರಮ್ಮನ್ನು ಬಿಸಿಲಲ್ಲಿಟ್ಟು ಸಂಜೆ ನಾಲ್ಕಕ್ಕೇ ಆ ನೀರನ್ನು ಹಂಡೆಗೆ ಸುರಿದು ಮುಚ್ಚಿದರೂ ಆದೀತು. ರಾತ್ರಿಯೆಲ್ಲ ಡ್ರಮ್ಮಿನಲ್ಲೇ ಬಿಟ್ಟರೆ ಹಗಲಿನ ಸಂಪಾದನೆ ಆಕಾಶಕ್ಕೆ ಹೋಗುತ್ತದೆ.

ಸೌರ ಹೀಟರಿನ ನಲ್ಲಿ ತಿರುಗಿಸಿದಾಗ ಮೊದಲು ತಣ್ಣೀರೇ ಬರುವುದೇಕೆ? ಅರ್ಧ ಇಂಚಿನ ಕೊಳವೆ 15 ಮೀಟರು ಉದ್ದವಿದ್ದರೆ ಅದರೊಳಗೆ ಲೀಟರುಗಟ್ಟಲೆ ನೀರು ನಿಂತಿರುತ್ತದೆ, ರಾತ್ರಿ ತಣ್ಣಗಾಗಿರುತ್ತದೆ. ಅದನ್ನು ಚೆಲ್ಲಬೇಡಿ, ಬೆರಕೆಯ ತಣ್ಣೀರಿಗೆ ಅದೇ ಆಯಿತು. ಕೊಳವೆ ಹೊಸದಾಗಿ ಹಾಕಿಸುವಾಗ ಬಚ್ಚಲಿಗೆ ಅತಿ ಹತ್ತಿರದ ದಾರಿ ಹಿಡಿಸಿ, ಅದಕ್ಕೆ ಶಾಖ ತಡೆಯುವ ಹೊದಿಕೆ ಹಾಕಿಸಿ.

ವಿದ್ಯುತ್ ಕಾಯಿಲ್ ಇದ್ದರೆ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ನಮ್ಮ 2000 ಕಿಲೋಕ್ಯಾಲೊರಿ ಸುಮಾರು 2.3 ಯೂನಿಟ್ಟಿಗೆ ಸಮ. 1500 ವಾಟಿನ ಕಾಯಿಲ್ ಅಷ್ಟು ಕೊಡಲು ಗಂಟೆ ಒಂದೂವರೆ ಬೇಕು. ಅಂದರೆ ಸರಿಯಾದ ಹಂಡೆ ಒಲೆಗಿಂತ ಅದು ನಿಧಾನ. ತಿಂಗಳಿಗೆ ಸುಮಾರು 70 ಯೂನಿಟ್ಟು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿಯೇ 200 ಯೂನಿಟ್ಟು ಎಂಬುದನ್ನು ನೆನಪಿಡಿ. ಲೋಹದ ಹಂಡೆಯಲ್ಲಿ ಕಾಯಿಲ್ ಇಳಿಬಿಡುವುದಂತೂ ಜೀವಕ್ಕೆ ಅಪಾಯ. ಬಕೆಟ್ಟಿನಲ್ಲಾದರೂ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಒಲೆಗೂ ತನ್ನದೇ ಅಪಾಯವಿದೆ. ಹೊಗೆ ಕೊಳವೆಯಲ್ಲಿ ಅಡ್ಡತಗಡು ಇಟ್ಟು ಸೆಳೆತವನ್ನು ಹಿಡಿತದಲ್ಲಿಡುವುದು ಒಳ್ಳೆಯದೇ. ಆದರೆ ಕೆಂಡ ಇರುವಾಗ ಅದನ್ನು ಪೂರ್ತಿ ಮುಚ್ಚಿ, ಬಚ್ಚಲಿನ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಇಳಿಯಬಾರದು. ಹೊಗೆಯಾಡದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಭಾರವೆನಿಸುವಷ್ಟರಲ್ಲಿ ಎದ್ದು ಬರುವ ಶಕ್ತಿಯೇ ಉಳಿದಿರುವುದಿಲ್ಲ. ಬಚ್ಚಲಿಗೆ ಮೇಲೊಂದು, ಕೆಳಗೊಂದು ಗಾಳಿಗಂಡಿ ಇರಲೇಬೇಕು.

ಇವನ್ನೆಲ್ಲ ಒಂದೇ ದಿನ ಮಾಡಬೇಡಿ; ಮಾಡಿದರೆ ಯಾವುದರಿಂದ ಎಷ್ಟು ಲಾಭವಾಯಿತೆಂದು ತಿಳಿಯದು. ಶಾಲೆಯ ಪ್ರಯೋಗಾಲಯದಿಂದ 100 ಡಿಗ್ರಿಯವರೆಗಿನ ಒಂದು ಉಷ್ಣತಾಮಾಪಕವನ್ನು ಕೇಳಿ ತನ್ನಿ. ಹಂಡೆಗೆ ಕೊಡದಿಂದ ಅಳೆದು ನೀರು ಹಾಕಿ, ಸೌದೆಯನ್ನು ತಕ್ಕಡಿಯಲ್ಲಿ ತೂಗಿ ಇಡಿ. ಬೆಂಕಿ ಹೊತ್ತಿಸಿದ ಗಳಿಗೆಯಿಂದ ಐದೈದು ನಿಮಿಷಕ್ಕೆ ನೀರನ್ನು ಕಲಕಿ ಉಷ್ಣತೆ ಬರೆದುಕೊಳ್ಳಿ. ನಾಲ್ಕು ದಿನ ಮುಚ್ಚಳವಿಲ್ಲದೆ, ನಾಲ್ಕು ದಿನ ಮುಚ್ಚಳ ಹಾಕಿ. ಆಮೇಲೆ ತಳದ ಮಸಿ ತೆಗೆದು ಇನ್ನು ನಾಲ್ಕು ದಿನ. ಸಮಯವನ್ನು ಅಡ್ಡ ಅಕ್ಷದಲ್ಲೂ ಉಷ್ಣತೆಯನ್ನು ಲಂಬ ಅಕ್ಷದಲ್ಲೂ ಗುರುತಿಸಿ ನಕ್ಷೆ ಎಳೆಯಿರಿ. ಗೆರೆ ಮೊದಲು ಚಪ್ಪಟೆಯಾಗಿ ಹೋಗಿ ಆಮೇಲೆ ಕಡಿದಾಗಿ ಏರುವುದನ್ನು ಕಾಣುತ್ತೀರಿ. ಆ ಚಪ್ಪಟೆ ಭಾಗವೇ ಮಣ್ಣು ತನ್ನ ಪಾಲು ಕುಡಿಯುತ್ತಿರುವ ಹೊತ್ತು. ಒಳಗೋಡೆಗೆ ಹೊಟ್ಟಿನ ಮಣ್ಣು ಮೆತ್ತಿ ಒಣಗಿಸಿದ ಮೇಲೆ ಅದೇ ನಕ್ಷೆಯನ್ನು ಮತ್ತೊಮ್ಮೆ ಎಳೆದು, ಆ ಭಾಗ ಎಷ್ಟು ನಿಮಿಷ ಕುಗ್ಗಿತೆಂದು ಅಳೆಯಿರಿ.